ಮನೆತನದ ಗಂಟು ಎಲ್ಲಿದೆ?

ಮಂಗಳೂರಿನಿಂದ ಮೂಡಲಿಗೆ ಹೊರಟ ಹೆದ್ದಾರಿ ಬಂಟ್ವಾಳದ ಕ್ರಾಸ್ ರೋಡನ್ನು ಬಿಟ್ಟು, ಪಾಣೆಮಂಗಳೂರಿನ ಬಳಿ ನೇತ್ರಾವತಿಯನ್ನು ದಾಟಿ, ನರಹರಿ ಪರ್ವತದ ಮಗ್ಗುಲಿನಿಂದ ಕಲ್ಲಡ್ಕಕ್ಕೆ ಬರುತ್ತದೆ. ಇಲ್ಲಿ ಇಳಿದವರು ಗಾಜಿನ ಲೋಟದಲ್ಲಿ ಹಾಲು ಬೇರೆ, ಚಹದ ಕಷಾಯ ಬೇರೆಯಾಗಿ ನಿಂತ ಆ ಹೆಸರಾಂತ ಚಹವನ್ನು ಕುಡಿಯದೆ ಮುಂದೆ ಹೋಗುವುದು ಕಡಿಮೆ. ಚಹದ ಮುಂದೆ ಕುಳಿತವರ ಮಾತು ಮಳೆಯಿಂದ ಅಡಕೆಯ ಧಾರಣೆಗೆ, ಅಡಕೆಯಿಂದ ಜಾಗದ ತಕರಾರಿಗೆ, ಅಲ್ಲಿಂದ ಕೋರ್ಟಿಗೆ ಹೋಗುತ್ತದೆ. ಕೊನೆಗೆ ಯಾರಾದರೊಬ್ಬರು ತಮ್ಮ ಹಿರಿಯರು ಎಲ್ಲಿಯೋ ಇಟ್ಟುಹೋದ ಹಣದ ಕತೆಯನ್ನು ತೆಗೆಯುತ್ತಾರೆ. ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಇಂಥ ಕತೆಯೊಂದು ಇಲ್ಲದ ಮನೆ ಅಪರೂಪ.

ಆ ಸೀಮೆಯಲ್ಲಿ ನನ್ನ ಗೆಳೆಯನೊಬ್ಬನ ಮನೆಯಿದೆ. ಕೆಲವು ಕಾಲದ ಹಿಂದೆ ಅಲ್ಲಿಗೆ ಹೋಗಿದ್ದಾಗ ಅವನ ತಾಯಿ ಒಳಗಿನಿಂದ ಒಂದು ಉದ್ದನೆಯ ಲೆಕ್ಕದ ಪುಸ್ತಕವನ್ನು ತಂದು ನನ್ನ ಮುಂದಿಟ್ಟರು. ಅವರದು ಅಳಿಯಸಂತಾನದ ಕುಟುಂಬ. ಪುಸ್ತಕವನ್ನು ಬರೆದವರು ಅವರ ಸೋದರಮಾವ, ಆ ಕಾಲದಲ್ಲಿ ಕುಟುಂಬದ ಯಜಮಾನರು. ಅದರಲ್ಲಿ ವರ್ಷಕ್ಕೊಮ್ಮೆ, 'ಕುಟುಂಬದ ಬಾಬ್ತು ಬಡ್ಡಿ' ಎಂದು ಒಂದು ಜಮೆ. ಅದರ ಕೆಳಗೆ ದೈವದ ನೇಮಕ್ಕೆ ಇಷ್ಟು, ಮನೆ ಹೆಂಚಿಗೆ ಇಷ್ಟು, ಹುಡುಗರ ಫೀಸಿಗೆ ಇಷ್ಟು ಎಂದು ಖರ್ಚು. ಒಂದು ಪುಟದಲ್ಲಿ ಬರವಣಿಗೆ ನಿಂತುಹೋಗಿದೆ. ಮುಂದೆಲ್ಲ ಬಿಳಿಯ ಹಾಳೆ.

"ಮಾವನವರು ಹೋದ ಮೇಲೆ ಇದರ ಸುದ್ದಿಯೇ ಇಲ್ಲ ಮಾರಾಯ್ರೆ. ಆ ಗಂಟು ಈಗ ಉಂಟೋ, ಎಲ್ಲಿ ಉಂಟು? ಇದ್ದರೂ ನಮಗೆ ಅದರಲ್ಲಿ ಹಕ್ಕು ಉಂಟೋ? ನೀವು ನಾಲ್ಕು ಪುಸ್ತಕ ನೋಡಿದವರು, ಸ್ವಲ್ಪ ಹೇಳಿ" ಎಂದರು ಆ ತಾಯಿ.

ಅವರು ಕೇಳಿದ್ದು ಒಂದೇ ಉಸಿರಿನಲ್ಲಿ. ಆದರೆ ಪ್ರಶ್ನೆಗಳು ಎರಡು. ಗಂಟು ಎಲ್ಲಿದೆ ಎಂಬುದೊಂದು, ಅದು ನಮಗೆ ಸಲ್ಲುತ್ತದೆಯೇ ಎಂಬುದಿನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿದು ಕೆಟ್ಟವರು ಬಹಳ ಮಂದಿ. ಅವರಲ್ಲಿ ಒಬ್ಬ ಅರಸನೂ ಇದ್ದ. ಅವನ ಕತೆಯನ್ನು ಹೇಳಿ ಆಮೇಲೆ ಆ ತಾಯಿಯ ಪುಸ್ತಕಕ್ಕೆ ಬರುತ್ತೇನೆ.

ಮೊದಲು ಟ್ರಸ್ಟು ಎಂದರೇನು ಎಂದು ನೋಡಬೇಕು. ಆ ಮಾತು ಇಂಗ್ಲಿಷರೊಂದಿಗೆ ಬಂದುದಾದರೂ ಅದರೊಳಗಿನ ವಿಚಾರ ನಮಗೆ ಹೊಸದಲ್ಲ. ಕೊಡುವವನೊಬ್ಬ, ಕಾಯುವವನೊಬ್ಬ, ಅನುಭವಿಸುವವನೊಬ್ಬ. ಈ ಮೂವರೂ ಬೇರೆಬೇರೆಯಾಗಿದ್ದಾಗ ಟ್ರಸ್ಟು ಹುಟ್ಟುತ್ತದೆ. ಕಾಗದದ ಮೇಲೆ ಇರುವುದು ಕಾಯುವವನ ಹೆಸರು. ಹಣ ಸಲ್ಲಬೇಕಾದದ್ದು ಅನುಭವಿಸುವವನಿಗೆ, ಎಂದರೆ ಫಲಾನುಭವಿಗೆ. ತೊಂದರೆಯೆಲ್ಲ ಇಲ್ಲಿಯೇ ಇದೆ. ಕಾಯುವವನು ಸತ್ತರೆ, ಮರೆತರೆ, ಮನಸ್ಸು ಕೆಟ್ಟರೆ ಫಲಾನುಭವಿಯು ತನ್ನ ಹೆಸರಿಲ್ಲದ ಕಾಗದವನ್ನು ಹುಡುಕಿಕೊಂಡು ಹೊರಡಬೇಕು.

ಕಲ್ಲಡ್ಕದಿಂದ ತುಸು ಮುಂದೆ ಮಾಣಿಯಲ್ಲಿ ದಾರಿ ಕವಲಾಗುತ್ತದೆ. ಒಂದು ಕವಲು ಉಪ್ಪಿನಂಗಡಿಯ ಕಡೆಗೆ, ಘಟ್ಟಕ್ಕೆ. ಇನ್ನೊಂದು ಬಲಕ್ಕೆ ಪುತ್ತೂರು, ಸುಳ್ಯ, ಮಡಿಕೇರಿಗೆ. ನಮ್ಮ ಕತೆ ಈ ಎರಡನೆಯ ದಾರಿಯ ತುದಿಯಿಂದ ಬಂದದ್ದು.

ಕೊಡಗಿನ ಹಾಲೇರಿ ವಂಶದ ದೊಡ್ಡ ವೀರರಾಜೇಂದ್ರ ೧೭೮೮ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದು ರಾಜ್ಯವನ್ನು ಮರಳಿ ಕಟ್ಟಿದವನು. ೧೭೯೦ರಲ್ಲಿ ಅವನು ಇಂಗ್ಲಿಷ್ ಕುಂಪಣಿಯೊಂದಿಗೆ ಕೌಲು ಮಾಡಿಕೊಂಡು ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿ ಅವರಿಗೆ ಒದಗಿದನು. ಟಿಪ್ಪುವಿನ ಪತನಾನಂತರ ಸುಳ್ಯ ಪುತ್ತೂರುಗಳ ಕಡೆಯ ಕೆಲವು ಮಾಗಣೆಗಳು ಕೊಡಗಿಗೆ ಸೇರಿದುದು ಈ ಸ್ನೇಹದ ಫಲವಾಗಿ. ಅವನು ತನ್ನ ವಂಶದ ಚರಿತ್ರೆಯನ್ನು 'ರಾಜೇಂದ್ರನಾಮೆ' ಎಂಬ ಕನ್ನಡ ಗ್ರಂಥವಾಗಿ ಬರೆಯಿಸಿದನು. ಎಲ್ಲವೂ ಇತ್ತು, ಪಟ್ಟದ ರಾಣಿ ಮಹಾದೇವಮ್ಮಾಜಿಯಲ್ಲಿ ಗಂಡುಮಗುವೊಂದು ಇರಲಿಲ್ಲ. ಹಿರಿಯ ಮಗಳು ದೇವಮ್ಮಾಜಿ. ರಾಜ್ಯವು ಅವಳ ಸಂತತಿಗೆ ಸಲ್ಲಬೇಕೆಂದು ಅವನು ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಬರೆದು ಒಪ್ಪಿಗೆ ಪಡೆದನು. ಮಗಳ ಭವಿಷ್ಯಕ್ಕೆಂದು ಕುಂಪಣಿಯಲ್ಲಿಯೇ ಹಣವನ್ನು ಹೂಡಿಸಿದನು. ಕೊಡಗಿನ ಇತಿಹಾಸದಲ್ಲಿ ಮುಂದೆ ದೊಡ್ಡ ತಕರಾರಿಗೆ ಕಾರಣವಾದ ದೇವಮ್ಮಾಜಿಯ ಬಳುವಳಿ ಇದು.

ತಂದೆಯೊಬ್ಬ ಇದಕ್ಕಿಂತ ಹೆಚ್ಚೇನು ಮಾಡಬಲ್ಲ? ಮನೆಯವರನ್ನು ನಂಬದೆ, ಊರಿನವರನ್ನು ನಂಬದೆ, ಆ ಕಾಲದಲ್ಲಿ ಎಲ್ಲರಿಗಿಂತ ಬಲವಾಗಿದ್ದವನ ಕೈಯಲ್ಲಿ ಹಣವನ್ನಿಟ್ಟನು. ಆದರೆ ಅದರಲ್ಲಿಯೇ ದೋಷವೂ ಇತ್ತು. ಹಣವನ್ನು ಇಟ್ಟುಕೊಂಡವರು ವ್ಯಾಪಾರಿಗಳೂ ಹೌದು, ಆಳುವವರೂ ಹೌದು. ವ್ಯಾಪಾರಿಯಾಗಿ ಸಾಲಪತ್ರ ಬರೆದುಕೊಟ್ಟವನೇ ದೊರೆಯಾಗಿ ದಂಡು ತಂದರೆ ಸಾಲದ ಗತಿಯೇನು ಎಂದು ಆಗ ಯಾರೂ ಯೋಚಿಸಿದಂತಿಲ್ಲ.

೧೮೦೯ರ ಜೂನಿನಲ್ಲಿ ದೊಡ್ಡ ವೀರರಾಜೇಂದ್ರ ತೀರಿಕೊಂಡನು. ದೇವಮ್ಮಾಜಿ ಇನ್ನೂ ಎಳೆಯ ಹುಡುಗಿ. ಚಿಕ್ಕಪ್ಪ ಲಿಂಗರಾಜ ಅವಳ ಪರವಾಗಿ ಆಡಳಿತಕ್ಕೆ ಬಂದು, ಒಂದೆರಡು ವರ್ಷಗಳಲ್ಲಿ ತಾನೇ ಅರಸನಾಗಿ ಕುಳಿತನು. ಕಾಯುವುದಕ್ಕೆ ಬಂದವನೇ ಒಡೆಯನಾದ ಕತೆ ಇದು. ನಮ್ಮ ಸಾಮಾನ್ಯ ಮನೆಗಳಲ್ಲಿ ಪಟ್ಟೆಯ ಒಂದು ತುಂಡು ಗದ್ದೆಯ ಮೇಲೆ ನಡೆಯುವುದು ಅಲ್ಲಿ ಸಿಂಹಾಸನದ ಮೇಲೆ ನಡೆಯಿತು. ೧೮೨೦ರಲ್ಲಿ ಲಿಂಗರಾಜ ಹೋದ ಮೇಲೆ ಅವನ ಮಗ ಚಿಕ್ಕ ವೀರರಾಜೇಂದ್ರ ಪಟ್ಟಕ್ಕೆ ಬಂದನು. ಅವನ ಆಳಿಕೆಯಲ್ಲಿ ರಾಜಕುಲದ ಬಹುಮಂದಿ ಹತರಾದರೆಂದೂ, ಅವರಲ್ಲಿ ದೇವಮ್ಮಾಜಿಯೂ ಒಬ್ಬಳೆಂದೂ ಇತಿಹಾಸ ಬರೆದವರು ಹೇಳುತ್ತಾರೆ. ಹಾಗೆ ಬರೆದವರಲ್ಲಿ ಮೊದಲಿಗರು, ನಮ್ಮ ಮಂಗಳೂರಿನಲ್ಲಿ ೧೮೪೩ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ ಹರ್ಮನ್ ಮ್ಯೋಗ್ಲಿಂಗರು. ಅವರ ಕೊಡಗಿನ ಪುಸ್ತಕ ೧೮೫೫ರಲ್ಲಿ ಬಂದಿತು. ರಾಜ್ಯವನ್ನು ಕಿತ್ತುಕೊಂಡವರ ಕಾಲದ ಬರವಣಿಗೆ ಅದು ಎಂಬುದನ್ನು ಓದುವವರು ನೆನಪಿನಲ್ಲಿಡಬೇಕು. ಮಾಸ್ತಿಯವರ 'ಚಿಕವೀರ ರಾಜೇಂದ್ರ'ವನ್ನು ಓದಿದವರಿಗೆ ಈ ಅರಸನ ಮನಸ್ಸಿನ ಇಕ್ಕಟ್ಟುಗಳ ಪರಿಚಯವಿದೆ.

೧೮೩೪ರ ಏಪ್ರಿಲಿನಲ್ಲಿ ಕುಂಪಣಿಯ ದಂಡು ಕೊಡಗನ್ನು ಹೊಕ್ಕಿತು. ಅರಸ ಶರಣಾದನು. ಮೇ ತಿಂಗಳಲ್ಲಿ ಕರ್ನಲ್ ಫ್ರೇಸರನ ಘೋಷಣೆಯೊಂದಿಗೆ ರಾಜ್ಯ ಕುಂಪಣಿಗೆ ಸೇರಿತು. ಅರಸನ ಆಸ್ತಿಯೊಂದಿಗೆ ಕುಂಪಣಿಯೇ ಬರೆದುಕೊಟ್ಟಿದ್ದ ಎರಡು ಸಾಲಪತ್ರಗಳೂ ಕುಂಪಣಿಯ ಕೈಗೆ ಹೋದವು. ಅರಸನನ್ನು ವೆಲ್ಲೂರಿಗೂ ಅಲ್ಲಿಂದ ಕಾಶಿಗೂ ಕಳುಹಿಸಿದರು.

ರಾಜ್ಯ ಹೋದರೂ ಹಕ್ಕಿನ ಮಾತು ಹೋಗಲಿಲ್ಲ. ಸುಳ್ಯ ಪುತ್ತೂರುಗಳ ಮಾಗಣೆಗಳು ಮತ್ತೆ ಕನ್ನಡ ಜಿಲ್ಲೆಗೆ ಸೇರಿದವು; ಧಾನ್ಯರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ರೊಕ್ಕದಲ್ಲಿ ಕೊಡಬೇಕಾಗಿ ಬಂತು. ರೈತರು ಕೆರಳಿದರು. ಹಾಲೇರಿ ವಂಶದ ವಾರಸುದಾರ ಕಲ್ಯಾಣಸ್ವಾಮಿ ಬಂದಿದ್ದಾನೆ ಎಂಬ ಸುದ್ದಿ ಹಬ್ಬಿತು. ಆ ಹೆಸರನ್ನು ಹೊತ್ತು ಮುಂದೆ ನಿಂತವನು ಪುಟ್ಟಬಸಪ್ಪ. ೧೮೩೭ರ ಮಾರ್ಚಿಯ ಕೊನೆಗೆ ಬೆಳ್ಳಾರೆಯ ಖಜಾನೆ ರೈತರ ಕೈಸೇರಿತು. ಪುತ್ತೂರಿನಿಂದ ದಂಡು ಬಂಟ್ವಾಳದ ಸೀಮೆಯನ್ನು ಹಾಯ್ದು ಏಪ್ರಿಲಿನಲ್ಲಿ ಮಂಗಳೂರನ್ನು ಹಿಡಿದು ಕೆಲವು ದಿನ ಆಳಿತು. ನೇತ್ರಾವತಿಯ ದಡದ ನಂದಾವರದ ಲಕ್ಷ್ಮಪ್ಪ ಬಂಗರಸ ಜೊತೆಗೂಡಿದನು. ಕೊನೆಗೆ ಪುಟ್ಟಬಸಪ್ಪ, ಬಂಗರಸ, ಗುಡ್ಡೆಮನೆ ಅಪ್ಪಯ್ಯಗೌಡ ಮೊದಲಾದವರಿಗೆ ಗಲ್ಲಾಯಿತು. ಊರಿನವರು ಇದನ್ನು ಇಂದಿಗೂ 'ಕಲ್ಯಾಣಪ್ಪನ ಕಾಟಕಾಯಿ' ಎನ್ನುತ್ತಾರೆ. ಮನೆತನದ ಹಕ್ಕನ್ನು ಕತ್ತಿ ಹಿಡಿದು ಕೇಳಿದ ಬಗೆ ಇದು. ಕೇಳಿದವನು ನಿಜವಾದ ವಾರಸುದಾರನಲ್ಲ. ಅವನ ಹಿಂದೆ ನಡೆದ ರೈತರ ಸಂಕಟ ಮಾತ್ರ ನಿಜವಾಗಿತ್ತು.

ಕಾಶಿಯಲ್ಲಿದ್ದ ಅರಸನು ಕಾಗದ ಹಿಡಿದು ಕೇಳಲು ಹೊರಟನು. ೧೮೫೨ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಹಡಗು ಹತ್ತಿ ಲಂಡನ್ನಿಗೆ ಹೋದನು. ಅದೇ ವರುಷ ಗೌರಮ್ಮನಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಹುಡುಗಿಗೆ ತನ್ನ ಹೆಸರನ್ನು ಕೊಟ್ಟಳು. ಇತ್ತ ಅರಸನು ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದಲ್ಲಿ ಕುಂಪಣಿಯ ಮೇಲೆಯೇ ದಾವೆ ಹೂಡಿದನು. ಆ ಸಾಲಪತ್ರಗಳ ಹಣ ತನಗೆ ಸಲ್ಲಬೇಕೆಂಬುದು ಅವನ ಬೇಡಿಕೆ.

ಅರಸನ ಸ್ಥಿತಿಯನ್ನು ನಮ್ಮ ಗೆಳೆಯನ ತಾಯಿಯ ಸ್ಥಿತಿಯೊಂದಿಗೆ ಹೋಲಿಸಿ ನೋಡಿ. ಹಣ ಎಲ್ಲಿದೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಯಾರು ಇಟ್ಟುಕೊಂಡಿದ್ದಾರೆ, ಯಾವ ಪತ್ರದ ಮೇಲೆ ಇಟ್ಟುಕೊಂಡಿದ್ದಾರೆ ಎಂಬುದಕ್ಕೂ ಸಂದೇಹವಿರಲಿಲ್ಲ. ವಕೀಲರಿದ್ದರು, ಅರಮನೆಯಲ್ಲಿ ಪರಿಚಯವಿತ್ತು. ಆದರೂ ೧೮೬೦ರ ತೀರ್ಪು ಅವನಿಗೆ ವಿರೋಧವಾಯಿತು. ಕುಂಪಣಿಯು ರಾಜ್ಯಾಧಿಕಾರವುಳ್ಳ ಸಂಸ್ಥೆಯಾಗಿ ಸ್ವತಂತ್ರ ಅರಸನೊಬ್ಬನ ಮೇಲೆ ಯುದ್ಧ ಮಾಡಿ ಆ ಪತ್ರಗಳನ್ನು ವಶಪಡಿಸಿಕೊಂಡಿದೆ. ಅದು ರಾಜ್ಯಕೃತ್ಯ, ಅದರ ನ್ಯಾಯಾನ್ಯಾಯವನ್ನು ಈ ನ್ಯಾಯಾಲಯ ವಿಚಾರಿಸಲಾರದು ಎಂಬುದು ಅದರ ಸಾರ. ಒಂದು ವರ್ಷದ ಹಿಂದೆ, ೧೮೫೯ರಲ್ಲಿ, ತಂಜಾವೂರಿನ ರಾಜನ ವಿಧವೆ ಕಾಮಾಕ್ಷಿಬಾಯಿಯ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲೂ ಇಂಥದೇ ಮಾತನ್ನು ಹೇಳಿತ್ತು. ತೀರ್ಪು ಕೇಳಲು ಕೊಡಗಿನ ಅರಸ ಬದುಕಿರಲಿಲ್ಲ. ೧೮೫೯ರ ಸೆಪ್ಟೆಂಬರಿನಲ್ಲಿಯೇ ಅವನು ಲಂಡನ್ನಿನಲ್ಲಿ ತೀರಿಕೊಂಡಿದ್ದನು. ಅವನ ಸಮಾಧಿ ಅಲ್ಲಿನ ಕೆನ್ಸಲ್ ಗ್ರೀನಿನಲ್ಲಿದೆ. ಗೌರಮ್ಮ ೧೮೬೦ರಲ್ಲಿ ಕರ್ನಲ್ ಕ್ಯಾಂಬೆಲ್ ಎಂಬವನನ್ನು ಮದುವೆಯಾಗಿ, ಒಂದು ಹೆಣ್ಣುಮಗುವನ್ನು ಪಡೆದು, ೧೮೬೪ರಲ್ಲಿ ಇನ್ನೂ ಇಪ್ಪತ್ತಮೂರರ ಆಸುಪಾಸಿನಲ್ಲಿಯೇ ಗತಿಸಿದಳು.

ಈ ಕತೆಯಲ್ಲಿ ನನ್ನನ್ನು ಕಾಡುವುದು ಅರಸನ ಸೋಲಲ್ಲ. ನ್ಯಾಯಾಲಯ ಕೊಟ್ಟ ಉತ್ತರ ರಾಜ್ಯ ಮತ್ತು ಯುದ್ಧಗಳಿಗೆ ಸಂಬಂಧಿಸಿದ್ದು. ಹಣವನ್ನು ಯಾರಿಗಾಗಿ ಇಟ್ಟಿತ್ತು ಎಂಬುದೇ ಬೇರೊಂದು ಪ್ರಶ್ನೆ. ಆ ತೀರ್ಪಿಗೆ ಅದನ್ನು ಬಿಡಿಸುವ ಅಗತ್ಯವೇ ಬೀಳಲಿಲ್ಲ. ಮಗಳಿಗೆಂದು ತಂದೆ ಇಟ್ಟ ಗಂಟು ಚಿಕ್ಕಪ್ಪನ ಮನೆಗೆ ಹೋಯಿತು, ಅಲ್ಲಿಂದ ಅವನ ಮಗನಿಗೆ, ಅವನಿಂದ ಕುಂಪಣಿಗೆ. ಕುಂಪಣಿಯೂ ಅರಸನೂ ಲಂಡನ್ನಿನಲ್ಲಿ ಎದುರುಬದುರಾಗಿ ನಿಂತು ಕಾದಾಡಿದಾಗ, ಯಾರ ಬಾಳಿಗೆಂದು ಆ ಹಣ ಹುಟ್ಟಿತೋ ಆ ದೇವಮ್ಮಾಜಿಯ ಪರವಾಗಿ ಮಾತನಾಡಲು ಅಲ್ಲಿ ಯಾರೂ ಇರಲಿಲ್ಲ.

ಈಗ ಮತ್ತೆ ಮಾಣಿಯ ಕವಲಿಗೆ, ಅಲ್ಲಿಂದ ಕಲ್ಲಡ್ಕಕ್ಕೆ ಬರೋಣ. ಅರಸುಮಕ್ಕಳ ಗಂಟಿನ ನ್ಯಾಯ ಬೇರೆ, ಒಕ್ಕಲು ಮನೆಯ ಗಂಟಿನ ನ್ಯಾಯ ಬೇರೆ ಎಂದು ವಾಚಕರು ಹೇಳಬಹುದು. ಯುದ್ಧದ ಮಾತನ್ನು ಬಿಟ್ಟರೆ ಎರಡರಲ್ಲಿಯೂ ಕಾಣುವ ಜನ ಒಬ್ಬರೇ: ಹೆಣ್ಣುಮಗಳೊಬ್ಬಳು, ಅವಳ ಪರವಾಗಿ ಆಡಳಿತ ಮಾಡುವ ಗಂಡಸೊಬ್ಬ, ಅವನ ಹೆಸರಿನಲ್ಲಿರುವ ಕಾಗದ.

ಅಳಿಯಸಂತಾನದಲ್ಲಿ ಕುಲ ಸಾಗುವುದು ಹೆಣ್ಣಿನಿಂದ. ತಾಯಿ, ಅವಳ ಮಕ್ಕಳು, ಹೆಣ್ಣುಮಕ್ಕಳ ಮಕ್ಕಳು ಸೇರಿ ಒಂದು ಕುಟುಂಬ. ಗಂಡುಮಗ ಕುಟುಂಬದವನು, ಅವನ ಮಕ್ಕಳು ಅವರ ತಾಯಿಯ ಕುಟುಂಬದವರು. ಆಸ್ತಿ ಎಲ್ಲರಿಗೂ ಸೇರಿದ್ದು. ಆಡಳಿತ ಹಿರಿಯನಾದ ಯಜಮಾನನದು, ಕೆಲವೆಡೆ ಯಜಮಾನ್ತಿಯದು. ಭೂತಾಳಪಾಂಡ್ಯನ ಕಟ್ಟು ಎಂದು ಹಿರಿಯರು ಇದನ್ನು ಕರೆದರು. ಆ ಹೆಸರಿನ ಗ್ರಂಥ ಎಷ್ಟು ಹಳೆಯದೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿದ್ದರೂ ಪದ್ಧತಿ ಹಳೆಯದೆಂಬುದರಲ್ಲಿ ಸಂದೇಹವಿಲ್ಲ. ಯಜಮಾನನು ಕಾನೂನಿನ ಪೂರ್ಣ ಅರ್ಥದಲ್ಲಿ ಟ್ರಸ್ಟಿಯಲ್ಲ. ಅವನೂ ಪಾಲುದಾರರಲ್ಲಿ ಒಬ್ಬ. ಆದರೆ ಅವನ ಕೈಯಲ್ಲಿರುವುದು ಎಲ್ಲರ ಅನ್ನ ಎಂಬುದರಿಂದ ಅವನ ಕೆಲಸ ಟ್ರಸ್ಟಿಯ ಕೆಲಸವನ್ನೇ ಹೋಲುತ್ತದೆ. ವರ್ಗದ ಪಟ್ಟೆ ಅವನ ಹೆಸರಿನಲ್ಲಿ, ಬೇಂಕಿನ ಠೇವಣಿ ಅವನ ಹೆಸರಿನಲ್ಲಿ, ದೈವದ ಕೋಣೆಯ ಬೀಗದಕೈ ಅವನ ಸೊಂಟದಲ್ಲಿ. ಅಕ್ಕತಂಗಿಯರ ಹೆಸರು ಎಲ್ಲಿಯೂ ಇರುವುದಿಲ್ಲ. ಅವರ ಹಕ್ಕು ಕಾಗದದ್ದಲ್ಲ, ಹುಟ್ಟಿನದು.

ಈ ಹಕ್ಕು ಕಾಲದಿಂದ ಕಾಲಕ್ಕೆ ರೂಪು ಬದಲಿಸಿತು. ಕುಟುಂಬದ ಒಬ್ಬರು ಕೇಳಿದರೆಂದು ಆಸ್ತಿಯನ್ನು ಪಾಲು ಮಾಡುವಂತಿಲ್ಲ ಎಂದು ಮದರಾಸು ಹೈಕೋರ್ಟು ೧೮೬೩ರಲ್ಲಿ ಹೇಳಿತು. ಆದುದರಿಂದ ಹಿಂದಿನವರ ಕಾಲದಲ್ಲಿ ಗಂಟು ಒಡೆಯಲಿಲ್ಲ. ಹೊಂದಿಕೆಯಾಗದವರು ಒಪ್ಪಂದದ ಮೇಲೆ ಬೇರೆಬೇರೆ ಉಂಡರು. ೧೯೪೯ರ ಮದರಾಸು ಅಳಿಯಸಂತಾನ ಕಾಯಿದೆ ಬಂದ ಮೇಲೆ ಒಂದೊಂದು ಕವರಿಗೂ, ಎಂದರೆ ಒಬ್ಬ ಹೆಂಗಸು ಮತ್ತು ಅವಳ ಹೆಣ್ಣುಸಂತತಿಯಿಂದ ಬೆಳೆದ ಕವಲಿಗೂ, ಪಾಲು ಕೇಳುವ ಹಕ್ಕು ಬಂತು. ಮುಂದೆ ಸಂತತಿ ಬೆಳೆಯಲಾರದ ನಿಸ್ಸಂತತಿ ಕವರು, ಸಂತತಿ ಕವರು ಇರುವಾಗ, ಪಾಲನ್ನು ಜೀವಾವಧಿಗೆ ಮಾತ್ರ ಪಡೆಯುತ್ತಿತ್ತು. ೧೯೫೬ರ ಜೂನಿನಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಯಾಯಿತು. ಆ ಬಳಿಕ ಸತ್ತವರ ಕುಟುಂಬದ ಪಾಲು ಈ ಹೊಸ ಕಾಯಿದೆಯ ಪ್ರಕಾರ ಅವರ ಹೆಂಡತಿ ಮಕ್ಕಳಿಗೂ ಹೋಗತೊಡಗಿತು. ನಿಸ್ಸಂತತಿ ಕವರಿನವನ ಪಾಲೂ ಹೀಗೆಯೇ ಅವನ ವಾರಸುದಾರರಿಗೆ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು ೧೯೭೯ರಲ್ಲಿ ತೀರ್ಮಾನಿಸಿತು. ೧೯೭೪ರ ಭೂಸುಧಾರಣೆಯಲ್ಲಿ ಗೇಣಿಗೆ ಕೊಟ್ಟ ಗದ್ದೆಗಳು ಸರಕಾರಕ್ಕೆ ಸೇರಿ ಒಕ್ಕಲುಗಳ ಪಾಲಾದವು. ಧನಿಗಳಿಗೆ ಪರಿಹಾರದ ಹಣ ಬಂತು. ಹೀಗೆ ಎಷ್ಟೋ ಮನೆಗಳಲ್ಲಿ ಗದ್ದೆಯಾಗಿದ್ದ ಗಂಟು ಹಣವಾಯಿತು. ಗದ್ದೆಯನ್ನು ಎಲ್ಲರೂ ಕಾಣುತ್ತಾರೆ, ಹಣವನ್ನು ಇಟ್ಟವನೊಬ್ಬನೇ ಬಲ್ಲ.

ಆದಕಾರಣ ಫಲಾನುಭವಿಯೆಂದು ಹೇಳಿಕೊಳ್ಳುವವರು ಮೊದಲು ನೋಡಬೇಕಾದುದು ಬೇಂಕನ್ನಲ್ಲ, ಮನೆತನದ ವಂಶವೃಕ್ಷವನ್ನು. ಅದರಲ್ಲಿ ಹೆಸರು ಮಾತ್ರ ಸಾಲದು, ಸತ್ತ ದಿನಾಂಕ ಬೇಕು. ೧೯೫೬ರ ಮೇ ತಿಂಗಳಲ್ಲಿ ಸತ್ತವನ ಪಾಲಿನ ದಾರಿ ಒಂದು, ಅದೇ ವರ್ಷದ ಜುಲೈಯಲ್ಲಿ ಸತ್ತವನದು ಇನ್ನೊಂದು. ಮುಂಬಯಿಗೆ ಹೋಗಿ ಅಲ್ಲಿಯೇ ಉಳಿದ ಅಕ್ಕ, ಹೆರಿಗೆಯಲ್ಲಿ ತೀರಿಕೊಂಡ ತಂಗಿ, ಅವಳ ಕೂಸು, ಇವರೆಲ್ಲರೂ ಆ ಮರದಲ್ಲಿ ಇರಬೇಕು. ಒಂದು ಕೊಂಬೆಯನ್ನು ಬಿಟ್ಟು ಬರೆದ ಮರ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಎರಡನೆಯದು ಕಾಗದ. ಕುಟುಂಬದ ವ್ಯವಸ್ಥಾಪತ್ರವೋ ಪಾಲುಪಟ್ಟಿಯೋ ಟ್ರಸ್ಟಿನ ಪತ್ರವೋ ನೋಂದಣಿಯಾಗಿದ್ದರೆ ಅದರ ಗುರುತು ಉಪನೋಂದಣಿ ಕಚೇರಿಯಲ್ಲಿ ಇರಬೇಕು. ೧೮೮೨ರ ಭಾರತೀಯ ಟ್ರಸ್ಟು ಕಾಯಿದೆಯ ಪ್ರಕಾರ ಸ್ಥಿರಾಸ್ತಿಯ ಖಾಸಗಿ ಟ್ರಸ್ಟನ್ನು ಬದುಕಿರುವವನು ಬರವಣಿಗೆಯಿಂದ ಏರ್ಪಡಿಸುವುದಾದರೆ ಅದಕ್ಕೆ ಸಹಿಯೂ ನೋಂದಣಿಯೂ ಬೇಕು. ನೋಂದಣಿ ಕಚೇರಿಯಲ್ಲಿ ಸ್ಥಿರಾಸ್ತಿಯ ಪತ್ರಗಳನ್ನು ನಕಲು ಮಾಡುವ ಒಂದನೆಯ ಪುಸ್ತಕವನ್ನೂ ಅದರ ಸೂಚಿಯನ್ನೂ ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಸೂಚಿ ಹೆಸರಿನಿಂದಲೂ ಇದೆ, ಜಾಗದಿಂದಲೂ ಇದೆ. ಯಜಮಾನನ ಹೆಸರು ತಿಳಿಯದಿದ್ದರೂ ಗ್ರಾಮವೂ ಸರ್ವೆ ನಂಬರೂ ತಿಳಿದರೆ ದಾರಿ ಸಿಗುತ್ತದೆ. ಜಾಗಕ್ಕೆ ಸಂಬಂಧಿಸದ ಪತ್ರಗಳು ಮಾತ್ರ ನಾಲ್ಕನೆಯ ಪುಸ್ತಕದಲ್ಲಿ ಇರುತ್ತವೆ. ಅವುಗಳ ನಕಲು ಬರೆದುಕೊಟ್ಟವರಿಗೂ ಅವುಗಳಿಂದ ಹಕ್ಕು ಪಡೆದವರಿಗೂ ಅವರ ಪ್ರತಿನಿಧಿಗಳಿಗೂ ದೊರೆಯುತ್ತದೆ.

ಮೂರನೆಯದು ಹಣ ಕುಳಿತ ಜಾಗ. ನಮ್ಮ ಜಿಲ್ಲೆ ಬೇಂಕುಗಳ ತವರು. ಬಂಟ್ವಾಳ ಸೀಮೆಯ ಅಮ್ಮೆಂಬಳದ ಹೆಸರನ್ನು ಹೊತ್ತ ಸುಬ್ಬರಾವ್ ಪೈಗಳು ೧೯೦೬ರಲ್ಲಿ ಮಂಗಳೂರಿನಲ್ಲಿ ಕಟ್ಟಿದ ಸಂಸ್ಥೆಯ ಮೊದಲ ಹೆಸರೇ 'ಕೆನರಾ ಹಿಂದೂ ಪರ್ಮನೆಂಟ್ ಫಂಡ್'. ೧೯೧೦ರಲ್ಲಿ ಅದು ಕೆನರಾ ಬೇಂಕಾಯಿತು. ಅದೇ ೧೯೦೬ರಲ್ಲಿ ಉಡುಪಿಯಲ್ಲಿ ಮುಂದೆ ಕಾರ್ಪೊರೇಷನ್ ಬೇಂಕ್ ಎನಿಸಿದ ಸಂಸ್ಥೆ, ೧೯೨೪ರಲ್ಲಿ ಮಂಗಳೂರಿನಲ್ಲಿ ಕರ್ಣ್ಣಾಟಕ ಬೇಂಕ್, ೧೯೨೫ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬೇಂಕಿನ ಮೂಲ ಸಂಸ್ಥೆ, ೧೯೩೧ರಲ್ಲಿ ವಿಜಯಾ ಬೇಂಕ್ ಹುಟ್ಟಿದವು. ಹಳೆಯ ಪಾಸುಪುಸ್ತಕದ ಮೇಲಿರುವ ಹೆಸರು ಈಗ ಬೀದಿಯ ಫಲಕದ ಮೇಲೆ ಇಲ್ಲದಿರಬಹುದು. ವಿಜಯಾ ಬೇಂಕ್ ೨೦೧೯ರಲ್ಲಿ ಬೇಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ೨೦೨೦ರಲ್ಲಿ ಕೆನರಾದೊಂದಿಗೆ, ಕಾರ್ಪೊರೇಷನ್ ಅದೇ ವರ್ಷ ಯೂನಿಯನ್ ಬೇಂಕಿನೊಂದಿಗೆ ಕೂಡಿಹೋದವು. ಹೆಸರು ಹೋದರೂ ಠೇವಣಿಯ ಹೊಣೆ ಹೋಗಿಲ್ಲ. ಕೂಡಿಸಿಕೊಂಡ ಬೇಂಕು ಅದಕ್ಕೆ ಉತ್ತರ ಹೇಳಬೇಕು. ಹತ್ತು ವರ್ಷ ಯಾರೂ ಕೇಳದೆ ಬಿದ್ದ ಠೇವಣಿಯ ಹಣ ೨೦೧೪ರಿಂದ ರಿಸರ್ವ್ ಬೇಂಕಿನ ಒಂದು ನಿಧಿಗೆ ಹೋಗುತ್ತದೆ. ಹೋದರೂ ಹಕ್ಕು ಸಾಯುವುದಿಲ್ಲ. ವಾರಸುದಾರರು ತಮ್ಮ ಬೇಂಕಿನ ಮೂಲಕವೇ ಅದನ್ನು ಕೇಳಿ ಪಡೆಯಬಹುದು. ಇಂಥ ಠೇವಣಿಗಳನ್ನು ಹೆಸರಿನಿಂದ ಹುಡುಕಲು ರಿಸರ್ವ್ ಬೇಂಕು ೨೦೨೩ರಲ್ಲಿ 'ಉದ್ಗಮ್' ಎಂಬ ಜಾಲತಾಣವನ್ನು ತೆರೆದಿದೆ.

ನಾಲ್ಕನೆಯದು ಲೆಕ್ಕ ಕೇಳುವ ಧೈರ್ಯ. ಟ್ರಸ್ಟೆಂದು ಸ್ಪಷ್ಟವಾಗಿ ಏರ್ಪಟ್ಟಿದ್ದರೆ, ಟ್ರಸ್ಟಿಯು ಸರಿಯಾದ ಲೆಕ್ಕವಿಡಬೇಕು, ಫಲಾನುಭವಿ ಕೇಳಿದಾಗ ಪೂರ್ಣವಾದ ಮಾಹಿತಿಯನ್ನು ಕೊಡಬೇಕು ಎಂದು ೧೮೮೨ರ ಕಾಯಿದೆಯೇ ಹೇಳುತ್ತದೆ. ಗೊತ್ತಾದ ಉದ್ದೇಶಕ್ಕಾಗಿ ಹಣವನ್ನು ಟ್ರಸ್ಟಿಯ ವಶಕ್ಕೆ ಕೊಟ್ಟಿದ್ದರೆ, ಆ ಹಣವನ್ನು ಅವನಿಂದ ಮರಳಿ ಪಡೆಯುವ ದಾವೆಗೆ ೧೯೬೩ರ ಕಾಲಮಿತಿ ಕಾಯಿದೆ ವಾಯಿದೆಯನ್ನೇ ಇಟ್ಟಿಲ್ಲ. ಕೇಳುವುದು ಜಗಳವಲ್ಲ. ಆದರೆ ನಮ್ಮ ಮನೆಗಳಲ್ಲಿ ಹೆಂಗಸರು ಅಣ್ಣನನ್ನೋ ಮಾವನನ್ನೋ ಲೆಕ್ಕ ಕೇಳುವುದೆಂದರೆ ಅವಮಾನ ಮಾಡಿದಂತೆ ಎಂದು ತಿಳಿಯುತ್ತಾರೆ. ಕೇಳದೆ ಒಂದು ತಲೆಮಾರು ಕಳೆದರೆ ಮುಂದಿನವರಿಗೆ ಕೇಳುವುದಕ್ಕೆ ಆಧಾರವೇ ಉಳಿಯುವುದಿಲ್ಲ.

ಗೆಳೆಯನ ತಾಯಿಯ ಪುಸ್ತಕಕ್ಕೆ ಬರುತ್ತೇನೆಂದು ಹೇಳಿದ್ದೆನಷ್ಟೆ. ಅದರ ಹಿಂದಿನ ರಟ್ಟಿನ ಒಳಬದಿಯಲ್ಲಿ ಪೆನ್ಸಿಲಿನಿಂದ ಒಂದು ಬೇಂಕಿನ ಹೆಸರೂ ರಸೀದಿಯ ನಂಬರೂ ಇದ್ದವು. ಆ ಹೆಸರಿನ ಬೇಂಕು ಈಗಿಲ್ಲ; ಅದನ್ನು ಕೂಡಿಸಿಕೊಂಡ ಬೇಂಕಿಗೆ ಬರೆದಿದ್ದಾರೆ. ಉತ್ತರ ಇನ್ನೂ ಬರಬೇಕು. ಬಂದರೂ ಅದು ದೊಡ್ಡ ಮೊತ್ತವಾಗಿರಲಾರದು. ಆ ಕಾಲದ ನೂರು ರೂಪಾಯಿ ಈ ಕಾಲದಲ್ಲಿ ಎಷ್ಟರ ಮಾತು? ಸಿಗದೆಯೂ ಇರಬಹುದು; ಮಾವನವರೇ ಒಂದು ಮಳೆಗಾಲದಲ್ಲಿ ಅದನ್ನು ತೆಗೆದು ಮನೆಗೆ ಹೆಂಚು ಹಾಕಿಸಿರಬಹುದು. ಹಾಗಿದ್ದರೆ ಗಂಟು ತಲೆಯ ಮೇಲೆಯೇ ಇದೆ ಎಂದು ಆ ತಾಯಿ ನಕ್ಕರು.

ಆದರೆ ಬೇಂಕಿಗೆ ಅರ್ಜಿ ಬರೆಯುವುದಕ್ಕೋಸ್ಕರ ಅವರು ಮಗನನ್ನು ಕೂರಿಸಿಕೊಂಡು ನಾಲ್ಕು ಸಂಜೆ ವಂಶವೃಕ್ಷವನ್ನು ಬರೆಸಿದರು. ಅಜ್ಜಿಯಿಂದ ಹಿಡಿದು ಹೆಸರುಗಳು ಒಂದೊಂದಾಗಿ ಬಂದವು. ಮುಂಬಯಿಯ ಅಕ್ಕನ ಮಕ್ಕಳ ವಿಳಾಸಕ್ಕೆ ಕಾಗದ ಹೋಯಿತು; ಬಹು ವರ್ಷಗಳ ಮೇಲೆ ಅತ್ತಣಿಂದ ಫೋನು ಬಂತು. ಒಂದು ಕಡೆ ಮಗ ಬರೆಯುವುದನ್ನು ನಿಲ್ಲಿಸಿ, "ಅಮ್ಮ, ಈ ಚಿಕ್ಕಮ್ಮನಿಗೆ ಮಕ್ಕಳಿಲ್ಲ, ಸತ್ತು ಎಷ್ಟೋ ಕಾಲವಾಯಿತು. ಇವರನ್ನು ಬಿಡಬಹುದಲ್ಲ?" ಎಂದು ಕೇಳಿದನು.

"ಬಿಡಬೇಡ, ಬರೆ" ಎಂದರು ತಾಯಿ. "ಮಾವ ಇಟ್ಟದ್ದು ಅವಳಿಗೂ ಸೇರಿ."